ಹಳೆಯ ಪಲ್ಲವಿ, ಹೊಸ ಮೇಳ



ಶ್ರಾವಣ ಮಾಸವು ಬಂದಿತೆಂದರೆ ನಮ್ಮ ಕಬ್ಬೂರಿನ ಗುಡಿಯಂಗಳಕ್ಕೆ ಬೇರೊಂದು ಕಳೆಯೇರುತ್ತದೆ. ಸೋಮವಾರದ ರಾತ್ರಿ ಹೊಲದ ಕೆಲಸ ತೀರಿಸಿ, ದನಕರುಗಳಿಗೆ ಮೇವಿಟ್ಟು, ಊಟ ಮುಗಿಸಿಕೊಂಡು ಜನರು ಒಬ್ಬೊಬ್ಬರಾಗಿ ಬಂದು ಜಮಖಾನೆಯ ಮೇಲೆ ಕೂಡುತ್ತಾರೆ. ಪೇಟಿಯ ಸ್ವರವೇಳುತ್ತದೆ. ದಮ್ಮಡಿಗೆ ಬೆಂಕಿಯ ಕಾವು ತೋರಿಸಿ ಹದಗೊಳಿಸುತ್ತಾರೆ. ಮುಮ್ಮೇಳದವರು ಒಂದು ಸಾಲು ಎತ್ತಿಕೊಟ್ಟರೆ ಹಿಮ್ಮೇಳದವರು ಅದನ್ನೇ ತಿರುಗಿ ಹಾಡುತ್ತಾರೆ. ಹಾಡಲು ಬಾರದವರೂ ಹಾಡುವ ಜಾಗವಿದು. ಓದುಬರಹವರಿಯದ ತಾಯಂದಿರ ಬಾಯಲ್ಲಿ ನೂರಾರು ತತ್ತ್ವಪದಗಳು ನೆಲೆನಿಂತದ್ದು ಈ ತಿರುಗಿ ಹಾಡುವ ರೂಢಿಯಿಂದಲೇ.

ಕಳೆದ ಶ್ರಾವಣದಲ್ಲಿ, ಇನ್ನು ಎರಡು ಸೋಮವಾರಗಳು ಉಳಿದಿರುವಾಗ, ಒಂದೇ ದಿನ ನಮ್ಮ ಮನೆಯ ಕಟ್ಟೆಗೆ ಎರಡು ಪಕ್ಷದವರು ಬಂದರು. ಬೆಳಿಗ್ಗೆ ಬಂದವರು ಭಜನಾ ಮಂಡಳಿಯ ಹಿರಿಯರು. ಸಂಜೆ ಬಂದವರು ನಾಲ್ವರು ಹುಡುಗರು. ಅವರಲ್ಲೊಬ್ಬನು ನಮ್ಮ ಅಣ್ಣನ ಮೊಮ್ಮಗ. ಪುಣೆಯಲ್ಲಿ ಕಂಪ್ಯೂಟರ್ ಕಂಪನಿಯೊಂದರಲ್ಲಿ ನೌಕರಿ ಮಾಡುವವನು, ರಜೆಯ ಮೇಲೆ ಊರಿಗೆ ಬಂದಿದ್ದನು. ಎರಡೂ ಪಕ್ಷದವರ ಪ್ರಶ್ನೆಯೊಂದೇ. ಕೊನೆಯ ಸೋಮವಾರದ ಭಜನೆಯಲ್ಲಿ ಈ ಹುಡುಗರು ಗಿಟಾರ್ ಹಿಡಿದು, ಕೂತು ಬಾರಿಸುವ ಮರದ ಪೆಟ್ಟಿಗೆಯ ವಾದ್ಯವನ್ನಿಟ್ಟುಕೊಂಡು ಶಿಶುನಾಳ ಷರೀಫರ ಪದವೊಂದನ್ನು ಹೊಸ ರೀತಿಯಲ್ಲಿ ಹಾಡಬೇಕೆಂದಿದ್ದಾರೆ. ಹಾಡಬಹುದೋ, ಬಾರದೋ? "ನೀವು ಹೇಳಿದಂಗ ಆಗಲಿ, ಶಾಸ್ತ್ರಿಗಳ" ಎಂದು ಹಿರಿಯರು ನುಡಿದರು. "ನೀವು ಹ್ಞೂ ಅಂದ್ರ ಸಾಕ್ರಿ, ಅಜ್ಜಾರ" ಎಂದು ಹುಡುಗರು ಅಂದರು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಓದಿದ ಕಾರಣ ಹಾಡಿನ ವಿಷಯವೆಲ್ಲ ನಮಗೆ ಗೊತ್ತೆಂದು ಊರವರು ಭಾವಿಸಿದ್ದಾರೆ. ಛಂದಸ್ಸು ನಮಗೆ ಬರುತ್ತದೆ, ಹಾಡಲು ಬರುವುದಿಲ್ಲ. ಈ ಸತ್ಯವನ್ನು ವಾಚಕರ ಮುಂದೆ ಒಪ್ಪಿಕೊಳ್ಳುವುದರಲ್ಲಿ ನಮಗೆ ಸಂಕೋಚವಿಲ್ಲ.

ಸಂಕೋಚವಿರುವುದು ಬೇರೊಂದು ಮಾತನ್ನು ಒಪ್ಪಿಕೊಳ್ಳುವಲ್ಲಿ. ಇಂಥದೇ ಪ್ರಶ್ನೆ ಆರು ವರ್ಷಗಳ ಹಿಂದೆಯೂ ನಮ್ಮ ಮುಂದೆ ಬಂದಿತ್ತು. ಅಂದಿನ ಹುಡುಗರು ಬೇರೆ, ವಾದ್ಯಗಳು ಬೇರೆ, ಆದರೆ ಬೇಡಿಕೆ ಇದೇ. ನಾವು ಒಂದು ಕ್ಷಣವೂ ಯೋಚಿಸದೆ ಬೇಡವೆಂದೆವು. ತತ್ತ್ವಪದವೆಂದರೆ ಕುಣಿತದ ಸರಕಲ್ಲವೆಂದು ಅರ್ಧ ತಾಸು ಉಪದೇಶವನ್ನೂ ಮಾಡಿದೆವು. ಹುಡುಗರು ತಲೆದೂಗಿ ಎದ್ದು ಹೋದರು, ಮತ್ತೆ ಭಜನೆಗೆ ಬರಲಿಲ್ಲ. ಮದುವೆಯ ಮೆರವಣಿಗೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಹೇರಿ ತರುವ ಡಾಲ್ಬಿಯ ಮುಂದೆ ಅವರನ್ನು ಕಂಡೆವು. ಹದಿನಾಲ್ಕು ಜನರಿದ್ದ ಮಂಡಳಿ ಈಗ ಐವರಿಗೆ ಇಳಿದಿದೆ. ಐವರೂ ಅರವತ್ತು ದಾಟಿದವರು. ಒಂದು ದಿನ ದಮ್ಮಡಿ ಬಾರಿಸುವ ವೃದ್ಧರು ನಮ್ಮನ್ನು ದಾರಿಯಲ್ಲಿ ನಿಲ್ಲಿಸಿ, "ಶಾಸ್ತ್ರಿಗಳ, ಪದಾ ಉಳಿಸಿದ್ರಿ, ಪದಾ ಹಾಡವ್ರನ್ನ ಕಳದ್ರಿ" ಎಂದು ಮೆಲ್ಲನೆ ನುಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ಆ ಮಾತು ನಮ್ಮಲ್ಲಿ ಬಹುಕಾಲ ನಿಂತಿತು.

ಈ ಕಾರಣದಿಂದ ಈ ಸಲ ಉತ್ತರ ಕೊಡುವ ಮುನ್ನ ನಾವು ಹುಡುಗನಿಗೆ, "ಯಾವ ರೀತಿಯಲ್ಲಿ ಹಾಡುತ್ತೀರಿ, ಮೊದಲು ನಮಗೆ ಕೇಳಿಸು" ಎಂದೆವು. ಅವನು ಮರುದಿನ ಸಂಜೆ ಸಣ್ಣದೊಂದು ಸ್ಪೀಕರನ್ನು ತಂದು ಪಡಸಾಲೆಯಲ್ಲಿಟ್ಟನು. ತನ್ನ ಪಕ್ಷದ ಸಾಕ್ಷಿಗಳೆಂದು ಎರಡು ಧ್ವನಿಮುದ್ರಿಕೆಗಳನ್ನು ಕೇಳಿಸುವೆನೆಂದನು. ಎರಡೂ ಯುವಕರ ಮೇಳಗಳ ಚೊಚ್ಚಲ ಆಲ್ಬಮ್‌ಗಳು. ಒಂದು ಸಪ್ತಸಾಗರದಾಚೆಯದು, ಇನ್ನೊಂದು ನಮ್ಮ ಕನ್ನಡ ನಾಡಿನದು.

ಮೊದಲ ಸಾಕ್ಷಿಯ ಹೆಸರು ಕೇಳಿಯೇ ನಮ್ಮ ಹುಬ್ಬು ಗಂಟಿಕ್ಕಿತು. "ಎಲ್ ಮಾಲೋ ಅಂತ ರೀ, ಅಜ್ಜಾರ. ಸ್ಪ್ಯಾನಿಷ್ ಭಾಷಾದಾಗ 'ಕೆಟ್ಟವ' ಅಂತ ಅರ್ಥ." ಹೆಸರಿಟ್ಟವರಾರೆಂದು ಕೇಳಿದರೆ, ಹದಿನೇಳು ವರ್ಷದ ಹುಡುಗನೊಬ್ಬನು ತನಗೆ ತಾನೇ ಇಟ್ಟುಕೊಂಡ ಹೆಸರೆಂದನು. ಆತನು ವಿಲ್ಲಿ ಕೊಲೋನ್. ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡಾವಣೆಯಲ್ಲಿ ೧೯೫೦ರಲ್ಲಿ ಜನಿಸಿದವನು, ಪೋರ್ಟೊ ರಿಕೊ ದ್ವೀಪದಿಂದ ವಲಸೆ ಬಂದ ಮನೆತನದವನು. ಟ್ರಾಂಬೋನ್ ಎಂಬ ಉದ್ದನೆಯ ಹಿತ್ತಾಳೆಯ ಊದುವಾದ್ಯ ಅವನದು. ಹಾಡಿದವನು ಅದೇ ದ್ವೀಪದ ಪೋನ್ಸೆ ಊರಿನಿಂದ ೧೯೬೩ರಲ್ಲಿ ನ್ಯೂಯಾರ್ಕಿಗೆ ಬಂದ ಹೆಕ್ಟರ್ ಲಾವೋ. ೧೯೬೪ರಲ್ಲಿ ಸ್ಥಾಪಿತವಾದ ಫಾನಿಯಾ ಎಂಬ ಸಂಸ್ಥೆಯು ಈ ಆಲ್ಬಮ್ಮನ್ನು ೧೯೬೭ರಲ್ಲಿ ಹೊರತಂದಿತು. ಮುಂದೆ ಇಂಥ ಸಂಗೀತಕ್ಕೆಲ್ಲ ಸಾಲ್ಸಾ ಎಂಬ ಹೆಸರು ನಿಂತಿತು. ಸಾಲ್ಸಾ ಎಂದರೆ ಅವರ ಭಾಷೆಯಲ್ಲಿ ಊಟಕ್ಕೆ ಹಾಕಿಕೊಳ್ಳುವ ಖಾರದ ರಸ. ನಮ್ಮ ಮನೆಯ ತಾಯಂದಿರಿಗೆ ತಿಳಿಯುವಂತೆ ಹೇಳುವುದಾದರೆ ಚಟ್ನಿಯೆನ್ನಬಹುದು. ಪುಣೆಯಲ್ಲಿ ವಾರಕ್ಕೆರಡು ದಿನ ಸಾಲ್ಸಾ ಕುಣಿತವನ್ನು ಕಲಿಯುತ್ತಿರುವುದಾಗಿ ಹುಡುಗನು ಅಂದೇ ನಮಗೆ ಅರುಹಿದನು. ಅವನ ಅಜ್ಜಿಗೂ ಆ ಸುದ್ದಿ ಅಂದೇ ತಿಳಿಯಿತು.

ಕೇಳತೊಡಗಿದಾಗ ಮೊದಲು ನಮಗೆ ಗದ್ದಲವಷ್ಟೇ ಕಿವಿಗೆ ಬಿದ್ದಿತು. ಟ್ರಾಂಬೋನ್‌ಗಳು ಒರಟಾಗಿ ಗರ್ಜಿಸುತ್ತವೆ. ಆ ಕಾಲದ ಹಿರಿಯ ವಾದಕರಲ್ಲಿ ಕೆಲವರು ಕೂಡ ಈ ಹುಡುಗರ ವಾದನವು ಅಪಕ್ವವೆಂದು ಹೀಗಳೆದಿದ್ದರಂತೆ. ಆದರೆ ಹುಡುಗನು, "ಹಾಡು ಬಿಡ್ರಿ, ಹಿಂದಿನ ಪೆಟ್ಟು ಎಣಿಸ್ರಿ" ಎಂದನು. ಎಣಿಸಿದೆವು. ಈ ಸಂಗೀತದ ಬುಡದಲ್ಲಿ ಎರಡು ಮರದ ಕಡ್ಡಿಗಳನ್ನು ಒಂದಕ್ಕೊಂದು ಬಡಿಯುವ ಐದು ಪೆಟ್ಟುಗಳ ಸುತ್ತೊಂದಿದೆ. ಅದಕ್ಕೆ ಕ್ಲಾವೆ ಎಂದು ಹೆಸರು. ಪೆಟ್ಟಿನಿಂದ ಪೆಟ್ಟಿಗಿರುವ ಅಂತರವನ್ನು ನಮ್ಮ ಮಾತ್ರಾಗಣದ ಲೆಕ್ಕದಲ್ಲಿ ಬರೆದರೆ ಮೂರು, ಮೂರು, ನಾಲ್ಕು, ಎರಡು, ನಾಲ್ಕು ಎಂದಾಗುತ್ತದೆ. ಒಟ್ಟು ೧೬ ಮಾತ್ರೆ. ಮೊದಲರ್ಧದಲ್ಲಿ ಮೂರು ಪೆಟ್ಟು, ಉತ್ತರಾರ್ಧದಲ್ಲಿ ಎರಡು. ಪ್ರತ್ಯೇಕ ಬಾರಿಸದಿದ್ದರೂ ಈ ಸುತ್ತು ಪ್ರತಿಯೊಬ್ಬ ವಾದಕನ ಮನಸ್ಸಿನಲ್ಲಿ ನಡೆದಿರಬೇಕು. ಹಾಡು ಅದರ ತಪ್ಪು ಮಗ್ಗುಲಿಗೆ ಬಿದ್ದರೆ ಬಲ್ಲವರು ಕೂಡಲೇ ಮುಖ ಸಿಂಡರಿಸುತ್ತಾರೆ. ಹೊರಗೆ ಹುಚ್ಚಾಟದಂತೆ ಕೇಳಿಸುವ ಹಾಡಿನೊಳಗೆ ಇಷ್ಟು ಕಟ್ಟುನಿಟ್ಟಾದ ಛಂದಸ್ಸಿರುವುದೆಂದು ನಾವು ನಿರೀಕ್ಷಿಸಿರಲಿಲ್ಲ. ಪಾಠಶಾಲೆಯಲ್ಲಿ ಬೆರಳು ಮಡಚಿ ಗಣ ಹಾಕುತ್ತಿದ್ದ ದಿನಗಳು ನೆನಪಾದವು.

ಇನ್ನೂ ಎರಡು ಸಂಗತಿಗಳು ನಮ್ಮ ಮನಸ್ಸನ್ನು ಸೆಳೆದವು. ಆ ಮೇಳದ ವಾದ್ಯಗಳು ಹಳ್ಳಿಗಾಡಿನವರಿಗೆ ಹೊಸವಲ್ಲ. ಒಣಗಿದ ಬುರುಡೆಯ ಮೇಲೆ ಗೀರು ಕೊರೆದು ಕಡ್ಡಿಯಿಂದ ತೀಡುವ ಗುಯಿರೋ, ಬುರುಡೆಯೊಳಗೆ ಬೀಜ ತುಂಬಿ ಅಲುಗಿಸುವ ಮರಾಕಾ, ದನದ ಕೊರಳ ಗಂಟೆಯಿಂದ ರೂಪುಗೊಂಡ ಕಬ್ಬಿಣದ ಗಂಟೆ. ನಮ್ಮ ಏಕತಾರಿಯ ಬುಡವೂ ಬುರುಡೆಯಲ್ಲವೆ! ಎರಡನೆಯದಾಗಿ, ಆ ಹಾಡುಗಳ ಉತ್ತರಾರ್ಧದಲ್ಲಿ ಮುಖ್ಯ ಗಾಯಕನು ತನಗೆ ತೋಚಿದ ಮಾತುಗಳನ್ನು ಕಟ್ಟಿ ಹಾಡುತ್ತ ಹೋದಂತೆ ಹಿಂದಿನವರು ಒಂದೇ ಪಲ್ಲವಿಯನ್ನು ಮರಳಿ ಮರಳಿ ಉತ್ತರವಾಗಿ ಕೊಡುತ್ತಾರೆ. ಇದು ನಮ್ಮ ಮುಮ್ಮೇಳ ಹಿಮ್ಮೇಳಗಳ ಪದ್ಧತಿಯೇ. ನ್ಯೂಯಾರ್ಕಿನ ಓಣಿಗೂ ಕಬ್ಬೂರಿನ ಗುಡಿಗೂ ಯಾವ ಸಂಬಂಧವೂ ಇಲ್ಲ. ಆದರೂ ಕೂಡಿ ಹಾಡುವ ಜನರು ಎಲ್ಲಿದ್ದರೂ ಈ ಉಪಾಯವನ್ನು ಕಂಡುಕೊಳ್ಳುತ್ತಾರೆಂದು ತೋರುತ್ತದೆ.

ಆ ಸಂಗೀತದ ಮೂಲವನ್ನು ಕೇಳಿದಾಗ ನಮ್ಮ ಮನಸ್ಸು ಮತ್ತಷ್ಟು ಮೆತ್ತಗಾಯಿತು. ಕ್ಯೂಬಾ ಮತ್ತು ಪೋರ್ಟೊ ರಿಕೊ ಕಬ್ಬಿನ ದ್ವೀಪಗಳು. ಆಫ್ರಿಕದಿಂದ ಸರಪಳಿ ಹಾಕಿ ತಂದ ಜನರನ್ನು ಅಲ್ಲಿ ಕಬ್ಬಿನ ತೋಟಗಳಲ್ಲಿ ದುಡಿಸಿದರು. ಪೋರ್ಟೊ ರಿಕೊದಲ್ಲಿ ಗುಲಾಮಗಿರಿ ರದ್ದಾದದ್ದು ೧೮೭೩ರಲ್ಲಿ, ಕ್ಯೂಬಾದಲ್ಲಿ ೧೮೮೬ರಲ್ಲಿ. ಆ ದುಡಿಮೆಗಾರರ ಚರ್ಮವಾದ್ಯದ ಗತ್ತು ಸ್ಪ್ಯಾನಿಷ್ ನುಡಿಯ ಹಾಡಿನೊಡನೆ ಬೆರೆತು ಕ್ಯೂಬಾದಲ್ಲಿ ಸೋನ್ ಎಂಬ ಪ್ರಕಾರವಾಯಿತು. ಅದು ವಲಸೆಗಾರರೊಡನೆ ನ್ಯೂಯಾರ್ಕ್ ಸೇರಿ ಸಾಲ್ಸಾ ಆಯಿತು. ಹೆಸರಿನಲ್ಲಿಯೇ ಕಬ್ಬು ಕೇಳಿಸುವ ಊರಿನವರು ನಾವು. ಸುಗ್ಗಿಯ ಕಾಲದಲ್ಲಿ ಹೊಲದ ಬದಿಯ ಗುಡಿಸಲುಗಳಲ್ಲಿ ಬೀಡುಬಿಡುವ ಕಬ್ಬು ಕಡಿಯುವ ಗ್ಯಾಂಗಿನವರು ದಿನವಿಡೀ ದುಡಿದ ಮೇಲೆ ರಾತ್ರಿ ಹಾಡುವುದನ್ನು ಹಾಸಿಗೆಯಲ್ಲಿ ಮಲಗಿ ಕೇಳಿದ್ದೇವೆ. ದಣಿದ ದೇಹಕ್ಕೆ ಗತ್ತಿನ ಹಾಡು ಏಕೆ ಬೇಕೆಂಬುದನ್ನು ಅವರಿಂದ ಕಲಿಯದೆ ಗ್ರಂಥದಲ್ಲಿ ಹುಡುಕುವುದು ವ್ಯರ್ಥ. ಗತ್ತೆಂಬುದು ನಮಗೇನು ಹೊಸದು? ಜಾತ್ರೆಯ ಪಲ್ಲಕ್ಕಿಯ ಮುಂದೆ ಕರಡಿ ಮಜಲಿನವರು ಬಾರಿಸತೊಡಗಿದರೆ ಕೋಲೂರಿ ನಡೆಯುವ ಮುದುಕರ ಕಾಲೂ ತಾಳಕ್ಕೆ ಬೀಳುತ್ತದೆ. ಕುಳಿತು ಹಾಡುವ ಭಜನೆಯೂ ನಡೆದು ಕುಣಿಯುವ ಮಜಲೂ ಒಂದೇ ಊರಿನಲ್ಲಿ ಅಕ್ಕಪಕ್ಕ ಬಾಳಿವೆ.

ಎರಡನೆಯ ಸಾಕ್ಷಿಯು ರಘು ದೀಕ್ಷಿತರ ಮೇಳದ ಚೊಚ್ಚಲ ಆಲ್ಬಮ್. ಮೈಸೂರಿನಲ್ಲಿ ಬೆಳೆದ ಈ ಕಲಾವಿದರು ಭರತನಾಟ್ಯವನ್ನು ಅಭ್ಯಸಿಸಿದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. ಮೊದಲು ಅಂತರಾಗ್ನಿ ಎಂಬ ಮೇಳವನ್ನು ಕಟ್ಟಿ, ೨೦೦೫ರ ಹೊತ್ತಿಗೆ ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಹೆಸರಿನಲ್ಲಿ ಹೊಸದಾಗಿ ಹಾಡತೊಡಗಿದರು. ಹಿಂದಿ ಚಿತ್ರಸಂಗೀತದ ವಿಶಾಲ್ ಮತ್ತು ಶೇಖರ್ ಎಂಬ ಜೋಡಿ ನಿರ್ದೇಶಕರು ಇವರ ಹಾಡಿಗೆ ಮನಸೋತು, ತಮ್ಮದೇ ಸಂಸ್ಥೆಯಿಂದ ೨೦೦೮ರಲ್ಲಿ ಈ ಆಲ್ಬಮ್ಮನ್ನು ಹೊರತಂದರು. ಅದರಲ್ಲಿ ಹಿಂದಿಯ ಹಾಡುಗಳಿವೆ, ಇಂಗ್ಲಿಷಿನದೊಂದಿದೆ, ನಡುವೆ ಶಿಶುನಾಳ ಷರೀಫರ ಎರಡು ಪದಗಳಿವೆ. ೨೦೧೦ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಪ್ರಸಿದ್ಧ ದೂರದರ್ಶನ ಕಾರ್ಯಕ್ರಮದಲ್ಲಿ ಈ ಮೇಳವು ಹಾಡಿತು. ೨೦೧೧ರಲ್ಲಿ ಸಾಂಗ್‌ಲೈನ್ಸ್ ಎಂಬ ಬ್ರಿಟಿಷ್ ಪತ್ರಿಕೆಯು ಇವರಿಗೆ ಹೊಸ ಪ್ರತಿಭೆಯ ಪ್ರಶಸ್ತಿಯನ್ನಿತ್ತಿತು. ವೇದಿಕೆಯ ಮೇಲೆ ಬಣ್ಣಬಣ್ಣದ ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದು ಇವರ ವಾಡಿಕೆ. ಗೆಜ್ಜೆಯ ಚಿತ್ರವನ್ನು ಕಂಡು ಅಣ್ಣನ ಹೆಂಡತಿಯು, "ಇವ ನಮ್ಮ ಪುರವಂತ ಇದ್ದಂಗ ಅದಾನ" ಎಂದು ನಕ್ಕರು.

ಷರೀಫರು ೧೮೧೯ರಲ್ಲಿ ಶಿಶುನಾಳದಲ್ಲಿ ಹುಟ್ಟಿ ೧೮೮೯ರಲ್ಲಿ ದೇಹವಿಟ್ಟವರು. ಕಳಸದ ಗೋವಿಂದ ಭಟ್ಟರ ಶಿಷ್ಯರಾದ ಆ ಮುಸಲ್ಮಾನ ಸಂತರ ಪದಗಳು ಅಚ್ಚಾಗುವ ಮೊದಲೇ ಭಜನಾ ಮಂಡಳಿಗಳ ನಾಲಿಗೆಯ ಮೇಲೆ ಉಳಿದು ಬಂದವು. ಆಲ್ಬಮ್ಮಿನಲ್ಲಿರುವ ಪದಗಳಲ್ಲೊಂದು 'ಗುಡುಗುಡಿಯ ಸೇದಿ ನೋಡೋ', ಇನ್ನೊಂದು 'ಸೋರುತಿಹುದು ಮನಿಯ ಮಾಳಿಗಿ'. ಮೈಸೂರಿನ ಕಡೆಯ ಗಾಯಕರು ಮನಿ, ಮಾಳಿಗಿ ಎಂಬ ನಮ್ಮ ಬಡಗಣ ನುಡಿಯನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡದ್ದು ನಮಗೆ ಸಮಾಧಾನವನ್ನಿತ್ತಿತು. ಗಿಟಾರ್, ಡ್ರಮ್ಮು, ಪಿಟೀಲುಗಳ ನಡುವೆಯೂ ಪದವು ತನ್ನ ಊರಿನ ಮಾತನ್ನು ಮರೆತಿರಲಿಲ್ಲ.

ಆದರೂ ನಮ್ಮ ಆಕ್ಷೇಪವನ್ನು ಮುಚ್ಚಿಡಲಾರೆವು. ಗುಡುಗುಡಿಯ ಪದವು ಬಲು ಚುರುಕಿನದು. ಅದು ಮೊದಲಾದೊಡನೆ ಹುಡುಗರು ಭುಜ ಕುಣಿಸತೊಡಗಿದರು. ಅದರ ಅರ್ಥವೇನೆಂದು ಕೇಳಿದೆವು. ಒಬ್ಬನು ನಗುತ್ತ, "ಹುಕ್ಕಾ ಸೇದೂದ ರೀ" ಎಂದನು. ಷರೀಫರು ಹೇಳಿದ್ದು ಬೇರೆಯೇ. ಅವರ ಗುಡುಗುಡಿ ಈ ದೇಹವೇ. ಮನಸ್ಸಿನ ಸಂಚಿಯಲ್ಲಿ ಕಟ್ಟಿಟ್ಟುಕೊಂಡ ಮೋಹವನ್ನು ಹೊರತೆಗೆದು ಸುಟ್ಟುಬಿಡಬೇಕೆಂಬುದು ಅದರ ತಿರುಳು. ಚಟವನ್ನೇ ರೂಪಕ ಮಾಡಿಕೊಂಡು ಚಟವನ್ನು ಬಿಡಿಸುವ ಪದವನ್ನು ಚಟದ ಹೊಗಳಿಕೆಯೆಂದು ತಿಳಿದು ಕುಣಿದರೆ ಅದಕ್ಕಿಂತ ದೊಡ್ಡ ವಿಪರ್ಯಾಸವುಂಟೆ? ವೇಗವು ಕಾಲನ್ನು ಬೇಗ ಮುಟ್ಟುತ್ತದೆ, ಅರ್ಥವು ನಿಧಾನವಾಗಿ ಬರುತ್ತದೆ. ಈ ಅಂತರವನ್ನು ತುಂಬುವವರು ಯಾರು? ಅದು ಆಲ್ಬಮ್ಮಿನ ಕೆಲಸವಲ್ಲ. ಮನೆಯವರ ಕೆಲಸ, ಮಂಡಳಿಯ ಕೆಲಸ, ನಮ್ಮಂಥವರ ಕೆಲಸ. ಆರು ವರ್ಷಗಳ ಹಿಂದೆ ಆ ಹುಡುಗರಿಗೆ ಅರ್ಧ ತಾಸು ಉಪದೇಶ ಮಾಡಿದೆವಲ್ಲ, ಆ ಅರ್ಧ ತಾಸಿನಲ್ಲಿ ಒಂದು ಪದದ ಅರ್ಥವನ್ನಾದರೂ ಹೇಳಬಹುದಾಗಿತ್ತು.

ಇನ್ನೊಂದು ಕೊರತೆಯಿದೆ. ಅದು ಈ ಎರಡು ಆಲ್ಬಮ್‌ಗಳದಷ್ಟೇ ಅಲ್ಲ, ಅಚ್ಚಾದ ಎಲ್ಲ ಹಾಡುಗಳದು. ಧ್ವನಿಮುದ್ರಿಕೆಯಲ್ಲಿ ಹಿಮ್ಮೇಳವು ಮೊದಲೇ ತುಂಬಿರುತ್ತದೆ, ಕೇಳುವವನಿಗೆ ಉತ್ತರ ಕೊಡುವ ಜಾಗವಿರುವುದಿಲ್ಲ. ಸಾವಿರ ಸಲ ಕೇಳಿದವನೂ ಒಂದು ಸಲ ಹಾಡದೆ ಇದ್ದುಬಿಡಬಹುದು. ನಮ್ಮ ಪ್ರಾಯದವರಿಗೆ ಇದು ಕ್ಯಾಸೆಟ್ಟಿನ ಕಾಲದಿಂದಲೇ ತಿಳಿದ ಸಂಗತಿ. ಸಿ. ಅಶ್ವಥ್ (೧೯೩೯-೨೦೦೯) ಅವರ ಕಂಚಿನ ಕಂಠದಲ್ಲಿ ಷರೀಫರ ಪದಗಳ ಕ್ಯಾಸೆಟ್ಟುಗಳು ಬಂದಾಗ, ಮುಂದೆ ೧೯೯೦ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರವು ಬಂದಾಗ, ನಮ್ಮ ಹಿರಿಯರು ತಲೆಯಲ್ಲಾಡಿಸಿದ್ದರು. ಏಕತಾರಿಯ ಪದಕ್ಕೆ ಇಷ್ಟು ವಾದ್ಯಗಳೇಕೆಂದು ಗೊಣಗಿದ್ದರು. ಇಂದು ಅದೇ ಧಾಟಿಗಳನ್ನು ನಾವು ಹಳೆಯ ಸಂಪ್ರದಾಯವೆಂದು ಹೊಸಬರ ಮುಂದೆ ಎತ್ತಿ ಹಿಡಿಯುತ್ತೇವೆ! ಇನ್ನೂ ಹಿಂದಕ್ಕೆ ಹೋದರೆ, ಮಲ್ಲಿಕಾರ್ಜುನ ಮನಸೂರರು (೧೯೧೦-೧೯೯೨) ವಚನಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ ನಾಡಿಗೆ ಮುಟ್ಟಿಸಿದರು. ವಚನವು ತಾಳಕ್ಕೆಂದು ಅಳೆದು ಕಟ್ಟಿದ ಪದ್ಯವಲ್ಲ. ಆದರೂ ಆ ಗಾಯನವನ್ನು ಕೇಳಿದವರಾರೂ ವಚನಕ್ಕೆ ಹಾನಿಯಾಯಿತೆಂದು ಹೇಳಲಾರರು. ಹಾಡುವವನು ಮಾತಿನ ಅರ್ಥವನ್ನು ಬಲ್ಲನೆ, ಆ ಮಾತು ಕೇಳುವವರಿಗೆ ಮುಟ್ಟುವುದೆ, ಕೇಳಿದವರು ತಾವೂ ಹಾಡಬಲ್ಲರೆ? ಈ ಮೂರನ್ನು ಕೇಳಿಕೊಂಡರೆ ವಾದ್ಯ ಯಾವುದೆಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆಂಬುದು ನಮ್ಮ ನಮ್ರ ಅಭಿಪ್ರಾಯ.

ಅಂತೆಯೇ ನಾವು ಹುಡುಗರಿಗೆ ಮೂರು ನಿಬಂಧನೆಗಳನ್ನು ವಿಧಿಸಿ ಒಪ್ಪಿಗೆಯಿತ್ತೆವು. ಮೊದಲನೆಯದು, ಹಾಡುವ ಮುನ್ನ ಪದದ ಅರ್ಥವನ್ನು ತಮ್ಮ ಮಾತಿನಲ್ಲಿ ಸಭೆಗೆ ತಿಳಿಸಬೇಕು. ಎರಡನೆಯದು, ಪಲ್ಲವಿಯನ್ನು ಮುದುಕಿಯರೂ ತಿರುಗಿ ಹಾಡುವಷ್ಟು ಸಾವಕಾಶವಾಗಿ ಎತ್ತಿಕೊಡಬೇಕು. ಮೂರನೆಯದು, ಲಯವು ದಮ್ಮಡಿಯ ಅಜ್ಜನ ಕೈಯಲ್ಲಿರಬೇಕು. ಸಾಲ್ಸಾದವರಿಗೆ ಕ್ಲಾವೆಯಿರುವಂತೆ ನಿಮಗೆ ಅಜ್ಜನ ದಮ್ಮಡಿ ಇರಲಿ ಎಂದೆವು. ಹುಡುಗರು ಒಪ್ಪಿದರು. ಆದರೆ ಮಂಡಳಿಯ ಹಿರಿಯರಲ್ಲೊಬ್ಬರು, ನಮ್ಮ ಬಹುಕಾಲದ ಸ್ನೇಹಿತರು, "ಹಂಗಾದ್ರ ಅವತ್ತ ನಾ ಬರಂಗಿಲ್ಲ" ಎಂದು ಹೇಳಿ ಎದ್ದು ಹೋದರು. ಅವರನ್ನು ನಾವು ತಡೆಯಲಿಲ್ಲ. ನಲವತ್ತು ವರ್ಷ ಆ ಜಮಖಾನೆಯ ಮೇಲೆ ಕುಳಿತವರ ನೋವು ಸಣ್ಣದಲ್ಲ.

ಕೊನೆಯ ಸೋಮವಾರ ಗುಡಿಯಂಗಳ ತುಂಬಿತ್ತು. ಹುಡುಗರು ಆರಿಸಿಕೊಂಡದ್ದು ಸೋರುವ ಮಾಳಿಗೆಯ ಪದವನ್ನು. ಅಣ್ಣನ ಮೊಮ್ಮಗನು ಎದ್ದು ನಿಂತು, ಮಾಳಿಗೆಯೆಂದರೆ ದೇಹ, ಸೋರುವುದೆಂದರೆ ಅಜ್ಞಾನದಿಂದ ಆಯುಷ್ಯವು ವ್ಯರ್ಥವಾಗಿ ಹೋಗುವುದು ಎಂದು ಬಾಯಿಪಾಠ ಮಾಡಿಕೊಂಡು ಬಂದುದನ್ನು ಒಪ್ಪಿಸಿದನು. ಅಷ್ಟರಲ್ಲಿ ಮುಂದೆ ಕುಳಿತಿದ್ದ ಏಳೆಂಟು ವರ್ಷದ ಬಾಲಕಿಯೊಬ್ಬಳು, "ಮಾಳಗಿ ಅಂದ್ರ ಏನ್ರಿ? ಅದು ಯಾಕ ಸೋರತೈತಿ?" ಎಂದು ಕೇಳಿಬಿಟ್ಟಳು. ಹುಡುಗನು ತಬ್ಬಿಬ್ಬಾದನು. ಸಿಮೆಂಟಿನ ಸ್ಲ್ಯಾಬಿನ ಕೆಳಗೆ ಹುಟ್ಟಿ ಬೆಳೆದ ಅವನಿಗೆ ಮಣ್ಣಿನ ಮಾಳಿಗೆಯ ಅನುಭವವಿರಲಿಲ್ಲ. ನಾವೂ ಬಾಯಿ ತೆರೆಯಲಿಲ್ಲ. ಆಗ ಹೆಣ್ಣುಮಕ್ಕಳ ಸಾಲಿನಿಂದ ಎಂಬತ್ತು ದಾಟಿದ ತಾಯಿಯೊಬ್ಬರು ಕುಳಿತಲ್ಲಿಂದಲೇ ಹೇಳತೊಡಗಿದರು. ಮಳೆಗಾಲಕ್ಕೆ ಮುನ್ನ ಬುಟ್ಟಿಯಲ್ಲಿ ಮಣ್ಣು ಹೊತ್ತು ನಿಚ್ಚಣಿಕೆ ಏರಿದ್ದು, ಮಣ್ಣು ಹರಡಿ ಬಡಿದು ಗಟ್ಟಿ ಮಾಡಿದ್ದು, ಒಂದು ವರ್ಷ ಗಂಡನ ಕಾಯಿಲೆಯಲ್ಲಿ ಅದು ತಪ್ಪಿಹೋದದ್ದು, ರಾತ್ರಿ ಮಳೆ ಹಿಡಿದಾಗ ಮನೆಯ ಪಾತ್ರೆಗಳನ್ನೆಲ್ಲ ಹನಿಯ ಕೆಳಗಿಟ್ಟು, ಮಕ್ಕಳನ್ನು ಒಣ ಮೂಲೆಗೆ ಸರಿಸಿ, ಬೆಳಗಿನವರೆಗೆ ತಾವು ಕುಳಿತೇ ಇದ್ದದ್ದು. "ಮ್ಯಾಲೆ ನೋಡಿದ್ರ ಕತ್ತಲಿ. ಎಲ್ಲಿಂದ ಸೋರತೈತಿ ಅನ್ನೂದ ತಿಳೀವಲ್ದು" ಎಂದು ಅವರು ಮಾತು ಮುಗಿಸಿದರು. ಅಂಗಳವೆಲ್ಲ ನಿಶ್ಶಬ್ದವಾಯಿತು. ನಾವು ಎಷ್ಟೋ ಉಪನ್ಯಾಸಗಳಲ್ಲಿ ಆ ಪದವನ್ನು ವಿವರಿಸಿದ್ದೇವೆ. ಅಷ್ಟು ಚೆನ್ನಾಗಿ ಒಮ್ಮೆಯೂ ವಿವರಿಸಿರಲಿಲ್ಲ.

ಆ ಮೇಲೆ ಹುಡುಗರು ಹಾಡಿದರು. ಮೊದಲ ಸುತ್ತು ತೀರ ಓಟವಾಯಿತು. ದಮ್ಮಡಿಯ ಅಜ್ಜನು ಕೈಯೆತ್ತಿ ನಿಲ್ಲಿಸಿ, "ತಮ್ಮಾ, ಬಂಡಿ ಮುಂದ, ಎತ್ತು ಹಿಂದ ಆತು" ಎಂದನು. ಎಲ್ಲರೂ ನಕ್ಕರು. ಎರಡನೆಯ ಸಲ ಅಜ್ಜನು ತಾನೇ ಲಯವನ್ನು ಹಿಡಿದನು, ಮರದ ಪೆಟ್ಟಿಗೆಯವನು ಅವನ ಕೈಯನ್ನೇ ನೋಡುತ್ತ ಜೊತೆಗೂಡಿದನು, ಗಿಟಾರು ಏಕತಾರಿಯಂತೆ ಒಂದೇ ಸ್ವರದ ಸುತ್ತ ಸುಳಿಯಿತು. ಪಲ್ಲವಿಗೆ ಬಂದಾಗ ಹೆಣ್ಣುಮಕ್ಕಳ ಸಾಲಿನಿಂದ ಉತ್ತರವೆದ್ದಿತು. ಕೊನೆಕೊನೆಗೆ ವೇಗವೇರಿ, ಹಿಂದೆ ನಿಂತಿದ್ದ ಹುಡುಗರು ಹೆಜ್ಜೆ ಹಾಕಿದ್ದೂ ಉಂಟು. ಅವರಲ್ಲಿ ಆರು ವರ್ಷದ ಹಿಂದಿನ ಇಬ್ಬರನ್ನು ನಾವು ಗುರುತಿಸಿದೆವು. ಅವರಿಗೀಗ ಮದುವೆಯಾಗಿ ಮಕ್ಕಳಾಗಿವೆ. ಎದ್ದು ಹೋಗಿ ಅವರ ಬಳಿ ನಿಂತು, ಅಂದು ನಮ್ಮಿಂದ ತಪ್ಪಾಯಿತೆಂದು ಹೇಳಿದೆವು. ಒಬ್ಬನು, "ಇರಲಿ ಬಿಡ್ರಿ, ಅಜ್ಜಾರ" ಎಂದನು. ಇನ್ನೊಬ್ಬನು ಏನೂ ಹೇಳದೆ ಮಗುವನ್ನು ಎತ್ತಿಕೊಂಡನು.

ಬಾರೆನೆಂದಿದ್ದ ಸ್ನೇಹಿತರು ಅಂದು ಬರಲಿಲ್ಲ. ಆದರೆ ಅವರ ಮನೆ ಗುಡಿಯ ಹಿಂದಿನ ಓಣಿಯಲ್ಲಿಯೇ ಇದೆ. ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ ಭೆಟ್ಟಿಯಾದಾಗ, "ತಾಳ ಸರಿ ಇತ್ತು. ನಡುವಿನ ನುಡಿಯೊಳಗ ಮಾತು ತಿಳೀಲಿಲ್ಲ" ಎಂದಷ್ಟೇ ಹೇಳಿದರು. ಹುಡುಗರಿಗೆ ಅದನ್ನು ಮುಟ್ಟಿಸಿದೆವು. ಪುಣೆಗೆ ಹೊರಡುವ ಮುನ್ನ ಅಣ್ಣನ ಮೊಮ್ಮಗನು ಅವರ ಮನೆಗೆ ಹೋಗಿ, ನಡುವಿನ ನುಡಿಯನ್ನು ಹೇಗೆ ಹಾಡಬೇಕೆಂದು ಕೇಳಿಕೊಂಡು ಬಂದನಂತೆ. ಅವರು ಒಂದು ತಾಸು ಕೂರಿಸಿಕೊಂಡು ಹೇಳಿಕೊಟ್ಟರಂತೆ, ಚಹಾ ಕುಡಿಸಿ ಕಳಿಸಿದರಂತೆ.

ಮಂಡಳಿಯು ಉಳಿಯಿತೆಂದು ನಾವು ಹೇಳುತ್ತಿಲ್ಲ. ಉಳಿದ ಹುಡುಗರು ಊರಿನಲ್ಲಿಯೇ ಇದ್ದ ಕಾರಣ ದೀಪಾವಳಿಯವರೆಗೆ ಮೂವರು ಸೋಮವಾರಕ್ಕೊಮ್ಮೆ ಬಂದು ಕುಳಿತರು. ಕಬ್ಬಿನ ಕಟಾವು ಮೊದಲಾದ ಮೇಲೆ ಇಬ್ಬರು ಬಿಟ್ಟರು. ಒಬ್ಬನು ಇನ್ನೂ ಬರುತ್ತಾನೆ, ದಮ್ಮಡಿ ಕಲಿಯುತ್ತಿದ್ದಾನೆ. ಐವರಿದ್ದವರು ಆರಾಗಿದ್ದಾರೆ.

ತಾಯಂದಿರಲ್ಲಿ, ತಂದೆಯರಲ್ಲಿ ನಮ್ಮ ಅರಿಕೆ ಇಷ್ಟೇ. ಮಕ್ಕಳು ಕಿವಿಗೆ ತಂತಿ ಸಿಕ್ಕಿಸಿಕೊಂಡು ಏನನ್ನೋ ಕೇಳುತ್ತ ಕುಳಿತಾಗ, ಏನದು ಗದ್ದಲವೆಂದು ಗದರುವ ಮುನ್ನ ಒಮ್ಮೆ ನಮಗೂ ಕೇಳಿಸೆಂದು ಹೇಳಿರಿ. ಅದರಲ್ಲಿ ನಿಮಗೆ ತಿಳಿದ ಪದವೊಂದು ಸಿಕ್ಕರೆ ಅದರ ಅರ್ಥವನ್ನು ನಿಮ್ಮ ಬಾಳಿನಿಂದಲೇ ಎತ್ತಿ ಹೇಳಿರಿ, ಗ್ರಂಥ ಬೇಕಾಗಿಲ್ಲ. ತಿಳಿಯದ ಹಾಡಾದರೆ ಅವರಿಂದಲೇ ಕೇಳಿ ತಿಳಿದುಕೊಳ್ಳಿರಿ. ನಮ್ಮ ಮನೆಯಲ್ಲಿ ಈಗ ಅಣ್ಣನ ಹೆಂಡತಿಯು ರೊಟ್ಟಿ ಬಡಿಯುವಾಗ ಆ ಐದು ಪೆಟ್ಟಿನ ಸುತ್ತನ್ನು ಹಿಟ್ಟಿನ ಮೇಲೆ ಹಾಕಲು ಪ್ರಯತ್ನಿಸುತ್ತಾರೆ. ನಾಲ್ಕನೆಯ ಪೆಟ್ಟು ಇನ್ನೂ ತಪ್ಪುತ್ತಿದೆ.